ಕಂಕುಳಲ್ಲಿ ಕೂಸು

ಶಾಲೆಯಿಂದ ಹೊರಬಿದ್ದ, ಕೇಂಬ್ರಿಜ್‌ನಿಂದ ಪದವಿಯಿಲ್ಲದೆ ಮರಳಿದ, ಹಡಗಿನ ಪಾದ್ರಿಗಿರಿ ಕಳೆದುಕೊಂಡ, ಕೊನೆಗೆ ಕ್ಯಾಥೊಲಿಕ್ಕನಾಗಿ ಸೇರಿದ ಎರಡು ಜೆಸುಯಿಟ್ ವಿದ್ಯಾಲಯಗಳಿಂದಲೂ ಹೊರದಬ್ಬಿಸಿಕೊಂಡ ಮನುಷ್ಯ ಮುಂದೇನಾಗಬಹುದು? 1678ರ ಲಂಡನ್ನಿನಲ್ಲಿ ದೇಶರಕ್ಷಕನಾದ. ಹೆಸರು ಟೈಟಸ್ ಓಟ್ಸ್. ಸಲಮಾಂಕಾದ ಡಾಕ್ಟರೇಟ್ ಬೇರೆ ಇತ್ತಂತೆ. ಕೊಟ್ಟವರು ಮಾತ್ರ ಯಾರೂ ಇರಲಿಲ್ಲ.

ಜೆಸುಯಿಟ್ ಪಾದ್ರಿಗಳು ದೊರೆ ಎರಡನೇ ಚಾರ್ಲ್ಸ್‌ನನ್ನು ಕೊಲ್ಲಲು ಹೊಂಚು ಹಾಕಿದ್ದಾರೆಂದು 81 ಆರೋಪಗಳ ಪಟ್ಟಿಯನ್ನೇ ಆತ ಒಪ್ಪಿಸಿದ. ದೊರೆಯೇ ಪಾಟೀಸವಾಲಿಗೆ ಕೂತ. ಸ್ಪೇನಿನ ಡಾನ್ ಜಾನ್‌ನನ್ನು ಕಂಡೆ ಅಂದೆಯಲ್ಲ, ಆಳು ಹೇಗಿದ್ದಾನೆ? ಎತ್ತರ, ಕಪ್ಪು ಎಂದ ಓಟ್ಸ್. ಡಾನ್ ಜಾನ್ ಕುಳ್ಳ, ಕೆಂಚುಗೂದಲಿನವ. ದೊರೆ ಅವನನ್ನು ಬಲ್ಲ. ಸುಳ್ಳು ಅಲ್ಲೇ ಬೆತ್ತಲಾಯಿತು. ಆದರೆ ಬೆತ್ತಲೆಯ ಸುಳ್ಳಿಗೆ ಬಟ್ಟೆ ಹೊದಿಸಲು ಊರೇ ಸಾಲುಗಟ್ಟಿ ನಿಂತಿತ್ತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ, ಓಟ್ಸ್‌ನ ಹೇಳಿಕೆ ಬರೆದುಕೊಂಡಿದ್ದ ಮ್ಯಾಜಿಸ್ಟ್ರೇಟ್ ಗಾಡ್‌ಫ್ರೆ ಹೆಣವಾಗಿ ಸಿಕ್ಕ. ಯಾರು ಕೊಂದರೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಅಂದು ಎಲ್ಲರಿಗೂ ಗೊತ್ತಿತ್ತು. ಗಾಡ್‌ಫ್ರೆಯ ಹೆಸರು ಕೆತ್ತಿದ ಚೂರಿಗಳು ಬಿಸಿ ಬೋಂಡಾದಂತೆ ಖರ್ಚಾದವು. ಓಟ್ಸ್‌ಗೆ ಅರಮನೆಯಲ್ಲೇ ಬಿಡಾರ, ವರ್ಷಕ್ಕೆ 1,200 ಪೌಂಡ್. ಪಾದ್ರಿಗಳಿಗೆ ನೇಣು. 1679ರ ಜೂನ್ 20ರಂದು ಒಂದೇ ದಿನ ಐವರು ಜೆಸುಯಿಟ್ಟರು. 1681ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್. ದೊರೆಗೆ ಸುಳ್ಳಿನ ವಾಸನೆ ಹತ್ತಿತ್ತು. ಆದರೂ ನೇಣು ತಪ್ಪಿಸಲಿಲ್ಲ. ಕಿರೀಟಕ್ಕೂ ಕುತ್ತಿಗೆಯೇ ಆಧಾರವಲ್ಲವೇ.

ಹಾಗಾದರೆ ಕ್ಯಾಥೊಲಿಕ್ ಪಿತೂರಿ ಎಂಬುದೇ ಇರಲಿಲ್ಲವೇ? ಇತ್ತು. 1670ರಲ್ಲಿ ಡೋವರ್‌ನಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯೊಡನೆ ಗುಟ್ಟಿನ ಒಪ್ಪಂದವಾಗಿತ್ತು: ತಾನು ಕ್ಯಾಥೊಲಿಕ್ಕನೆಂದು ಸಾರುವೆ, ಬದಲಿಗೆ ಇಪ್ಪತ್ತು ಲಕ್ಷ ಲಿವ್ರ್ ಹಣ, ಪ್ರಜೆಗಳು ಗಲಾಟೆಯೆಬ್ಬಿಸಿದರೆ 6,000 ಫ್ರೆಂಚ್ ಸೈನಿಕರು. ಮಾತು ಕೊಟ್ಟ ಪಿತೂರಿಗಾರ ಯಾರು? ಕೊಲೆಯಾಗಬೇಕಿದ್ದ ಅದೇ ಎರಡನೇ ಚಾರ್ಲ್ಸ್! ಓಟ್ಸ್‌ನ 81 ಆರೋಪಗಳಲ್ಲಿ ಇದೊಂದು ಮಾತ್ರ ಇರಲಿಲ್ಲ.

1685ರ ಫೆಬ್ರವರಿಯಲ್ಲಿ ದೊರೆ ಸಾಯಲು ಮಲಗಿದ. ಹಿಂಬದಿಯ ಮೆಟ್ಟಿಲಿನಿಂದ ವೇಷ ಮರೆಸಿಕೊಂಡು ಬಂದ ಫಾದರ್ ಹಡಲ್‌ಸ್ಟನ್ ಅವನನ್ನು ಕ್ಯಾಥೊಲಿಕ್ ಮತಕ್ಕೆ ಸೇರಿಸಿಕೊಂಡ. ಮನೆಮನೆಯ ಅಟ್ಟ ಜಾಲಾಡಿ ಇಡೀ ದೇಶ ಹುಡುಕಿದ್ದ ಪಾದ್ರಿ ಕೊನೆಗೂ ಇದ್ದದ್ದು ಅರಮನೆಯ ಮಂಚದ ಪಕ್ಕದಲ್ಲಿ.