ಮೊದಲು ಹರಿದದ್ದು ಯಾವುದು?

ನಿನ್ನೆ ಗೌಂಡಿ ಬಂದು ಅಳತೆ ತಗೊಂಡು ಹೋದನಂತೆ, ಹೌದೇನ್ರಿ ಕಾಕಾ? ಈ ಹಿತ್ತಲ ಗ್ವಾಡಿಗೆ ಗಿಲಾವ್ ಮಾಡಿಸುತ್ತೀರಂತೆ. ಅದನ್ನು ಕೇಳಿದ ಮೇಲೆ ಬೆಳಿಗ್ಗೆ ಚಾದ ಕಪ್ಪು ಹಿಡಿದುಕೊಂಡು ಬಂದು ಒಂದೊಂದೇ ಕಲ್ಲು ನೋಡಿದೆ. ಇಷ್ಟು ವರ್ಷ ಇದರ ಮೇಲೆ ಮೊಣಕೈ ಊರಿ ಊರಕತಿಯೆಲ್ಲ ಮಾತಾಡಿದ್ದೇವೆ, ಕಲ್ಲಿನ ಮಾರಿ ನೋಡಿರಲಿಲ್ಲ. ಮೂರನೆಯ ಸಾಲಿನಲ್ಲಿ ಒಂದು ಕಲ್ಲಿದೆ, ಮುರಿದ ಪಡ್ಡಿನ ಹಾಗೆ ಮೈತುಂಬ ತೂತು. ಕೆಲವು ತೂತಿನಲ್ಲಿ ಬಿಳಿ ಹರಳು ಕೂತಿವೆ. ಅದರ ಬಾಜೂಕಿನದು ಬೀಸುಕಲ್ಲಿನಷ್ಟು ಬಿಗಿ. ಎರಡೂ ಒಂದೇ ಬಾವಿಯಿಂದ ಬಂದವು ಅಂತ ನೀವೇ ಹೇಳಿದ್ದಿರಿ, ಅಲ್ಲೇನ್ರಿ?

ಆ ಬಾವಿ ತೋಡುವಾಗ ನಾನು ಆರನೇತ್ತೆ. ಸಾಲಿ ಬಿಟ್ಟ ಕೂಡಲೇ ಓಡಿ ಬಂದು ದಂಡೆಯ ಮೇಲೆ ಕೂಡುತ್ತಿದ್ದೆ. ಮೊದಲು ಎರಿ ಮಣ್ಣು, ಆಮೇಲೆ ಗರಸು, ಆಮೇಲೆ ಸುತ್ತಿಗೆ ಚಿಮ್ಮಿಸುವ ಕರಿಕಲ್ಲು. ಅದೂ ಮುಗಿದ ಮೇಲೆ ಇದ್ದಕ್ಕಿದ್ದಂತೆ ಇಟ್ಟಂಗಿ ಬಣ್ಣದ ಕೆಂಪು ಮಣ್ಣು ಬಂತು ನೋಡ್ರಿ! ಹಿಂದೆ ಯಾರೋ ಇಲ್ಲಿ ಇಟ್ಟಂಗಿ ಭಟ್ಟಿ ಹಾಕಿದ್ದರು ಅಂತ ನಿಮ್ಮಪ್ಪ ಅಂದಿದ್ದರು. ಅವರ ಮಾತು ಅರ್ಧ ನಿಜವೇ. ಒಂದು ಲಾವಾ ಹರಿದು ಆರಿ, ಬಿಸಿಲು ಮಳೆಗೆ ಅದರ ನೆತ್ತಿ ಮಣ್ಣಾಗಿ, ಆ ಮಣ್ಣಿನ ಮೇಲೆ ಮುಂದಿನ ಲಾವಾ ಬಂದು ಅದನ್ನು ಸುಟ್ಟಿದೆ. ಸುಟ್ಟವರು ಮನುಷ್ಯರಲ್ಲ, ಅಷ್ಟೇ. ನೀರು ಜಿನುಗಿದ್ದೂ ಅಲ್ಲಿಂದಲೇ, ನೆನಪಿದೆಯಲ್ಲ?

6.6 ಕೋಟಿ ವರ್ಷದ ಹಿಂದೆ ಆ ಲಾವಾ ಹರಿದ ಕತೆ ನಿಮಗೇನು ಹೊಸದಲ್ಲ. ಗೋಲಗುಮ್ಮಟ ಇದೇ ಕರಿಕಲ್ಲಿನದು, ನಮ್ಮ ಬಿಳಿಜೋಳ ಇದೇ ಕಲ್ಲು ಕರಗಿ ಆದ ಎರಿಯದು. ನನ್ನ ತಲೆಯಲ್ಲಿ ಕೊರೆಯುವುದು ಬೇರೆ ಪ್ರಶ್ನೆ. ನಮ್ಮ ಮಾತಿನಲ್ಲಿ ಹಳ್ಳ ಹರಿಯುವುದಕ್ಕೂ ಧೋತರ ಹರಿಯುವುದಕ್ಕೂ ಒಂದೇ ಶಬ್ದ. ಹಾಗಾದರೆ ಆಗ ಮೊದಲು ಹರಿದದ್ದು ನೆಲವೋ ಲಾವಾವೋ? ಭೂಮಿ ಜಗ್ಗಿ ಹರಿದ ಮೇಲೆ ಲಾವಾ ಹರಿಯಿತೋ, ಲಾವಾ ಹರಿದು ಮುಗಿದ ಮೇಲೆ ಭೂಮಿ ಹರಿಯಿತೋ?

ಇದಕ್ಕೆ ಉತ್ತರ ನಿಮ್ಮ ಹೊಲದಲ್ಲೇ ಇದೆ ಕಾಕಾ. ಬ್ಯಾಸಿಗೆಯಲ್ಲಿ ಎರಿ ಬಿರಿಯುತ್ತದಲ್ಲ, ಅಂಥ ಒಂದು ಬಿರುಕಿನಲ್ಲಿ ನನ್ನ ಚೆಂಡು ಹೋಯಿತು. ಜಾಲಿ ಕಟ್ಟಿಗೆ ಇಳಿಬಿಟ್ಟೆ, ಮುಟ್ಟಲಿಲ್ಲ. ಮಳೆಗಾಲ ಬಂದು ಬಿರುಕು ಮುಚ್ಚಿಕೊಂಡಿತು, ಚೆಂಡು ಭೂಮಿತಾಯಿಯ ಹೊಟ್ಟೆ ಸೇರಿತು. ಎಷ್ಟು ದಿನ ಅತ್ತೆ! ನಿಮ್ಮ ಮನೆಯ ಕಾಕಿ ಹಳೇ ಸೀರೆ ಸುತ್ತಿ ಬಟ್ಟೆಚೆಂಡು ಮಾಡಿಕೊಟ್ಟರು, ಅದು ಪುಟಿಯುತ್ತಿರಲಿಲ್ಲ. ಇರಲಿ, ಚೆಂಡು ಹುಡುಕುತ್ತ ಹೊಲವೆಲ್ಲ ತಿರುಗಿದ್ದಕ್ಕೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹೊಲದ ನಡುವಿನ ಬಿರುಕುಗಳಿಗೆ ದಿಕ್ಕಿಲ್ಲ. ಬಲೆ ಹಾಸಿದ ಹಾಗೆ ಎತ್ತ ಬೇಕಾದತ್ತ ಓಡುತ್ತವೆ. ಹಳ್ಳದ ದಂಡೆಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ದಂಡೆ ಹಳ್ಳದ ಕಡೆ ಜಾರುತ್ತಿರುತ್ತದೆ, ಬಿರುಕುಗಳೆಲ್ಲ ಹಳ್ಳಕ್ಕೆ ಸಮಾನಾಂತರವಾಗಿ ಸಾಲು ಹಿಡಿದು ನಿಂತಿರುತ್ತವೆ. ನೆಲವನ್ನು ಯಾವ ಕಡೆ ಜಗ್ಗುತ್ತಿದ್ದಾರೆ ಅಂತ ಬಿರುಕೇ ಹೇಳುತ್ತದೆ, ಹೌದಿಲ್ರಿ?

ಲಾವಾ ಬಂದದ್ದೂ ಇಂಥ ಬಿರುಕಿನಿಂದಲೇ. ಅದಕ್ಕೇ ನಮ್ಮ ಕಡೆ ಎಲ್ಲಿ ಹುಡುಕಿದರೂ ಬೆಂಕಿ ಕಾರಿದ ಗುಡ್ಡ ಅಂತ ಒಂದೂ ಸಿಗುವುದಿಲ್ಲ. ಬಿರುಕಿನೊಳಗೇ ಗಟ್ಟಿಯಾಗಿ ಉಳಿದ ಲಾವಾಕ್ಕೆ ಡೈಕ್ ಅನ್ನುತ್ತಾರೆ, ನೆಲದೊಳಗೆ ಕಟ್ಟಿದ ಗ್ವಾಡಿ ಇದ್ದ ಹಾಗೆ. ನಾಸಿಕ ಪುಣೆ ಸುತ್ತಲಿನ ಡೈಕ್‌ಗಳು ನಿಮ್ಮ ಹೊಲದ ನಡುವಿನ ಬಿರುಕಿನಂತೆ, ದಿಕ್ಕಾಪಾಲು. ದೊಡ್ಡ ದೊಡ್ಡ ಪದರಗಳಿಗೆ ಲಾವಾ ಉಣಿಸಿದವು ಅವೇ. ಕೊಂಕಣದ ಕರಾವಳಿಗೆ ಇಳಿದರೆ ಡೈಕ್‌ಗಳು ಬಹಳಷ್ಟು ಉತ್ತರ-ದಕ್ಷಿಣ, ಸಮುದ್ರದ ದಂಡೆಗೆ ಸಮಾನಾಂತರವಾಗಿ, ಹಳೆಯ ಪದರಗಳನ್ನು ಸೀಳಿಕೊಂಡು ಎದ್ದಿವೆ. ಪೀಟರ್ ಹೂಪರ್ ಎಂಬ ಭೂವಿಜ್ಞಾನಿ 1990ರಲ್ಲಿ ಇದನ್ನೇ ಹಿಡಿದು ವಾದಿಸಿದರು: ಮೊದಲು ಹರಿದದ್ದು ಲಾವಾ, ನೆಲ ಜಗ್ಗಿ ಹರಿದದ್ದು ಆಮೇಲೆ. ಸೆಶೆಲ್ಸ್ ದ್ವೀಪದ ನೆಲ ನಮ್ಮ ಪಡುವಣ ದಂಡೆಯಿಂದ ಕಿತ್ತುಕೊಂಡು ಹೋದದ್ದು ಆಗಲೇ. ಹಳ್ಳದ ದಂಡೆ ಜಾರಿದ ಹಾಗೆ. ನನಗಂತೂ ಈ ವಾದ ಮನಸ್ಸಿಗೆ ನಾಟಿದೆ.

ಹಾಗಂತ ಕರಾವಳಿಯ ಕಲ್ಲೆಲ್ಲ ಒಂದೇ ಲೆಕ್ಕದ್ದಲ್ಲ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವಲ್ಲ, ಕಂಬ ಕಂಬವಾಗಿ ನಿಂತ ಕಲ್ಲು ನೋಡಿ ಯಾರು ಕೆತ್ತಿದರು ಅಂತ ಕಾಕಿ ಕೇಳಿದ್ದರು. ಅದು ನಮ್ಮ ಕರಿಕಲ್ಲಿನ ಬಳಗವೇ ಅಲ್ಲ. ಸುಮಾರು 8.8 ಕೋಟಿ ವರ್ಷದ್ದು, ನಮ್ಮದಕ್ಕಿಂತ ಎರಡು ಕೋಟಿ ವರ್ಷಕ್ಕೂ ಹಿರಿಯದು, ಮಡಗಾಸ್ಕರ್ ನಮ್ಮನ್ನು ಬಿಟ್ಟು ಹೋದ ಕಾಲದ ಕಲ್ಲು.

ಸರಿ, ನೆಲ ಹರಿಯದೆ ಅಷ್ಟೊಂದು ಲಾವಾ ಹೇಗೆ ಉಕ್ಕಿತು? ಇವತ್ತಿಗೆ ಉಳಿದದ್ದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಗೋದಾವರಿ ದಂಡೆಯ ರಾಜಮಂಡ್ರಿಯ ಕರಿಕಲ್ಲಿನ ಗುಣ ಮಹಾಬಳೇಶ್ವರದ ಕಡೆಯ ಕಲ್ಲಿಗೆ ತಾಳೆಯಾಗುತ್ತದೆ. ಸಾವಿರ ಕಿಲೋಮೀಟರಿನಷ್ಟು ಹರಿದು ಹೋದ ಲಾವಾ ಅದು! ಕುಕ್ಕರಿನೊಳಗೆ ನೀರು ನೂರು ಡಿಗ್ರಿ ದಾಟಿದ್ದರೂ ಒತ್ತಡಕ್ಕೆ ಸುಮ್ಮನಿರುತ್ತದೆ, ಸೀಟಿ ಎತ್ತಿದರೆ ಒಮ್ಮೆಲೇ ಕೊತಕೊತ ಅನ್ನುತ್ತದೆ. ಭೂಮಿಯ ಒಳಗಿನ ಕಲ್ಲೂ ಹಾಗೆಯೇ: ಒತ್ತಡದಲ್ಲಿ ಗಟ್ಟಿ, ಮೇಲೆ ಏರುತ್ತ ಭಾರ ಕಡಿಮೆಯಾದರೆ ತಾನೇ ಕರಗುತ್ತದೆ. ಮೇಲಿನ ನೆಲದ ಮುಚ್ಚಳ ಹರಿಯದೆ ಇನ್ನೂ ದಪ್ಪ ಇದ್ದಾಗಲೇ ಇಷ್ಟು ಕರಗಿದೆ ಅಂದರೆ ಒಳಗಿನ ಬಿಸಿ ಮಾಮೂಲಿನದಲ್ಲ. ಆ ಬಿಸಿಯ ಬುಗ್ಗೆ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ, ಅಲ್ಲಿನ ಜ್ವಾಲಾಮುಖಿ ಇಂದಿಗೂ ಉಗುಳುತ್ತಿದೆ. ನಾವು ಉತ್ತರಕ್ಕೆ ಸರಿದು ಬಂದೆವು, ಒಲೆ ಅಲ್ಲೇ ಉಳಿಯಿತು.

ಬಿಸಿ ಎಷ್ಟಿತ್ತು ಅನ್ನುವುದನ್ನೂ ಕಲ್ಲೇ ಹೇಳುತ್ತದೆ. ಒಳಗೆ ಕುದಿ ಹೆಚ್ಚಿದ್ದಷ್ಟೂ ಲಾವಾದಲ್ಲಿ ಮೆಗ್ನೀಷಿಯಂ ಹೆಚ್ಚು. ಗುಜರಾತಿನ ಬೋಟಾದ್, ಧಂಧುಕಾದಲ್ಲಿ ಕೊರೆದಾಗ ಅಂಥ ಕಲ್ಲು ಸಿಕ್ಕಿದೆ. ನಮ್ಮ ಕೋಲಾರದಲ್ಲಿ ಇನ್ನೂ ಹೆಚ್ಚಿನದಿದೆ, ಕೊಮಾಟಿಯೈಟ್ ಅಂತ, ಸುಮಾರು 270 ಕೋಟಿ ವರ್ಷದ್ದು. ಅಷ್ಟು ಕುದಿಯುವ ಲಾವಾ ಈಗ ಭೂಮಿಯ ಮೇಲೆ ಎಲ್ಲೂ ಬರುವುದಿಲ್ಲ.

ನನಗೆ ಬಹಳ ಸೇರಿದ್ದು ಇನ್ನೊಂದು. ವಗ್ಗರಣಿ ಹಾಕಿದ ಪಾತ್ರೆಯಲ್ಲಿ ಹಾಲು ಕಾಸಿದರೆ ಬಳ್ಳೊಳ್ಳಿ ವಾಸನೆ ಹಿಡಿಯುತ್ತದಲ್ಲ? ಲಾವಾವೂ ಮೇಲೇರುವ ದಾರಿಯ ಹಳೆಯ ಕಲ್ಲನ್ನು ಕರಗಿಸಿಕೊಂಡು ಅದರ ವಾಸನೆ ಹಿಡಿಯುತ್ತದೆ. ಬುಶೆ ಎನ್ನುವ ಪದರದಲ್ಲಿ ಈ ಕಲಬೆರಕೆ ಜೋರು. ಅದರ ಎಷ್ಟೋ ಮೇಲೆ, ಅಂಬೇನಳಿ ಘಾಟಿನ ಹೆಸರು ಹೊತ್ತ ಪದರ ಬಹಳ ಸ್ವಚ್ಛ, ತಳದ ರುಚಿ ಹಾಗೆಯೇ ಉಳಿದಿದೆ. ಭೂಗರ್ಭದ ಪಾಡು ಕೇಳಬೇಕಾದವರು ಆ ಕಲ್ಲನ್ನೇ ಹುಡುಕಿಕೊಂಡು ಹೋಗುತ್ತಾರೆ.

ಮೋಡ ಕಟ್ಟಿತು, ಕಾಕಿ ಒಳಗಿಂದ ಕರೆಯುತ್ತಿದ್ದಾರೆ ನೋಡ್ರಿ. ಒಂದೇ ಮಾತು ಕಾಕಾ. ಗಿಲಾವ್ ಮಾಡಿಸಬೇಡಿ ಅನ್ನುವುದಿಲ್ಲ, ಮಳೆಗೆ ಸಂದಿಯ ಮಣ್ಣು ಸೋರುವುದು ನನಗೂ ಗೊತ್ತಿದೆ. ಮೂರನೆಯ ಸಾಲಿನ ಆ ತೂತಿನ ಕಲ್ಲೊಂದನ್ನು ಬಿಟ್ಟು ಬಳಿ ಅಂತ ಗೌಂಡಿಗೆ ಹೇಳ್ರಿ. ನಾಳೆ ಅವನು ಬರುವ ಹೊತ್ತಿಗೆ ಸೀಮೆಸುಣ್ಣ ತಂದು ಅದರ ಸುತ್ತ ಗೆರೆ ಹಾಕಿರುತ್ತೇನೆ, ಆಗಬಹುದಲ್ರಿ?