ಕಬ್ಬಿಣ–ಇಂಗಾಲ ಚಿತ್ರದ ಕುಂದಾಪ್ರ ಪಾಠ: ಒಂದು ಗ್ರಂಥಸಂಪಾದನಾ ವಿಚಾರ

ಪಂಪಭಾರತಕ್ಕೆ ಪರಿಷ್ಕೃತ ಮುದ್ರಣ ಬಂದಿದೆ, ವಚನಗಳಿಗೆ ಬಂದಿದೆ, ಕರಾವಳಿಯ ಯಕ್ಷಗಾನ ಪ್ರಸಂಗಗಳಿಗೂ ಬಂದಿದೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಇವೆಲ್ಲಕ್ಕಿಂತ ಹೆಚ್ಚು ಸಲ ನಕಲಾದ, ಇವೆಲ್ಲಕ್ಕಿಂತ ಕಡಿಮೆ ಅರ್ಥವಾದ ಕೃತಿಯೊಂದಕ್ಕೆ ಇನ್ನೂ ಸಂಪಾದಕ ಸಿಕ್ಕಿಲ್ಲ. ಅದು ಮೆಟೀರಿಯಲ್ ಸೈನ್ಸ್ ನೋಟ್ಸಿನ ನಡುವೆ ಇರುವ ಐರನ್-ಕಾರ್ಬನ್ ಡಯಾಗ್ರಾಂ. ವಿದ್ವಲ್ಲೋಕ ಈ ಬಗ್ಗೆ ತಾಳಿರುವ ಮೌನ ಖಂಡನೀಯ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗುತ್ತದೆ ಎಂಬುದು ಲೇಖಕನ ನಂಬಿಕೆ. ಅವನ ಹೆಂಡತಿಯ ನಂಬಿಕೆ ಬೇರೆ.

ಮೊದಲು ಕಾಲವಿಚಾರ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದ ಮೇಲೆ ಮೆಕ್ಯಾನಿಕಲ್ ಹುಡುಗರು ಈ ಕೃತಿಯನ್ನು ಸ್ಕೀಮಿಗೆ ತಕ್ಕಂತೆ ಮೂರನೇ ಸೆಮ್ಮಿನಲ್ಲೋ ನಾಲ್ಕನೆಯದರಲ್ಲೋ ಎದುರಿಸುತ್ತ ಬಂದಿದ್ದಾರೆ. ಸಾಹಿತ್ಯ ಚರಿತ್ರೆಯಲ್ಲಿ ಪಂಪಯುಗ, ಬಸವಯುಗ ಇರುವಂತೆ ಇಲ್ಲಿ 2010ರ ಸ್ಕೀಮ್, 2015ರ ಸ್ಕೀಮ್, 2018ರ ಸ್ಕೀಮ್ ಎಂದು ಯುಗವಿಭಾಗ ಮಾಡಬಹುದು. ಯುಗ ಬದಲಾದರೂ ನೋಟ್ಸ್ ಬದಲಾಗಿಲ್ಲ. ಮೊದಲ ಪುಟದ ಸಬ್ಜೆಕ್ಟ್ ಕೋಡಿಗೆ ವೈಟ್ನರ್ ಬಿದ್ದಿದೆ ಅಷ್ಟೆ. ವೈಟ್ನರಿನ ಪದರಗಳನ್ನು ಉಗುರಿನಿಂದ ಕೆರೆದು ನೋಡಿದರೆ ಪ್ರತಿಯ ಕಾಲ ಗೊತ್ತಾಗುತ್ತದೆ. ಬಾರ್ಕೂರಿನ ಶಾಸನಗಳ ಕಾಲನಿರ್ಣಯಕ್ಕೆ ಇಂಥ ಸೌಲಭ್ಯವಿಲ್ಲ ಎಂಬುದನ್ನು ವಿಷಾದದಿಂದ ನೆನೆಯುತ್ತೇನೆ.

ಕರ್ತೃ ಯಾರು? ವಿದ್ಯಾರ್ಥಿ ಪರಂಪರೆಯಲ್ಲಿ ‘ಕ್ಯಾಲಿಸ್ಟರ್’ ಎಂಬ ಹೆಸರು ಕೇಳಿಬರುತ್ತದೆ. ಆದರೆ ಆತ ದಪ್ಪ ಪಠ್ಯಪುಸ್ತಕದ ಲೇಖಕ, ಮೂಲಕವಿಯಲ್ಲ. ಮೊದಲ ಪಾಠ ಬ್ರಿಟನ್ನಿನ ರಾಬರ್ಟ್ಸ್-ಆಸ್ಟನ್ ಅವರದು, 1897ರಲ್ಲಿ. ಎರಡೇ ವರ್ಷದಲ್ಲಿ ಅವರೇ ಅದನ್ನು ತಿದ್ದಿದರು. 1900ರಲ್ಲಿ ಡಚ್ ವಿದ್ವಾಂಸ ರೋಜೆಬೂಮ್ ಫೇಸ್ ರೂಲ್ ಹಚ್ಚಿ ಮತ್ತೆ ತಿದ್ದಿದರು. ಅಂದರೆ ಮೂಲಪ್ರತಿಯೇ ತಿದ್ದುಪಡಿಗೊಂಡ ಪ್ರತಿ. ಹೀಗಿರುವಾಗ ಇಂಟರ್ನಲ್ಸಿನಲ್ಲಿ ಗೆರೆ ಸ್ವಲ್ಪ ಆಚೀಚೆ ಎಳೆದ ಹೆಮ್ಮಾಡಿಯ ಹುಡುಗನ ಮೇಲೆ ಕಣ್ಣು ಕೆಂಪು ಮಾಡುವುದು ಇತಿಹಾಸಪ್ರಜ್ಞೆಯ ಕೊರತೆ. ಕಬ್ಬಿಣದ ಒಳರೂಪಗಳಲ್ಲಿ ಆಸ್ಟನೈಟ್ ಎಂಬ ಹೆಸರು ಅದೇ ಆಸ್ಟನ್‌ರಿಂದ ಬಂದದ್ದು, ಮಾರ್ಟೆನ್ಸೈಟ್ ಜರ್ಮನಿಯ ಮಾರ್ಟೆನ್ಸ್‌ರಿಂದ, ಲೆಡೆಬ್ಯೂರೈಟ್ ಫ್ರೈಬರ್ಗಿನ ಲೆಡೆಬುರ್‌ರಿಂದ, ಬೈನೈಟ್ ಅಮೆರಿಕದ ಬೈನ್‌ರಿಂದ. ಒಂದು ವೈವಾದಲ್ಲಿ ‘ಬೈನೈಟ್’ ಅನ್ನು ‘ಬೈಂದೂರೈಟ್’ ಎಂದ ಹುಡುಗನೂ ಉಂಟಂತೆ. ಐತಿಹ್ಯ ಇರಬಹುದು.

ಪ್ರತಿಗಳ ವಿವರ

‘ಕ’ ಪ್ರತಿ: ಕುಂದಾಪುರದ ಶಾಸ್ತ್ರಿ ಸರ್ಕಲ್ ಆಸುಪಾಸಿನ ಜೆರಾಕ್ಸ್ ಅಂಗಡಿಯಲ್ಲಿ ದೊರೆತದ್ದು. ಇದು ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಎಡಗಡೆ ಮೇಲಿನ ಮೂಲೆಯಲ್ಲಿ, ಅಂದರೆ 1493 ಡಿಗ್ರಿಯ ಹತ್ತಿರ ಡೆಲ್ಟಾ ಕಬ್ಬಿಣ ಇರಬೇಕಾದ ಪೆರಿಟೆಕ್ಟಿಕ್ ಜಾಗದಲ್ಲಿ, ಗೆರೆಗಳು ಒಂದರ ಮೇಲೊಂದು ಕೂಡಿ ಕಪ್ಪು ಮಚ್ಚೆಯಾಗಿವೆ. ಮುಂದಿನ ಲಿಪಿಕಾರರು ಆ ಮಚ್ಚೆಯನ್ನೂ ಭಕ್ತಿಯಿಂದ ಬರೆದುಕೊಂಡಿದ್ದಾರೆ. ಒಬ್ಬ ಅದಕ್ಕೆ ಬಾಣದ ಗುರುತು ಹಾಕಿ ‘ಇಂಪಾರ್ಟೆಂಟ್’ ಎಂದೂ ಟಿಪ್ಪಣಿಸಿದ್ದಾನೆ.

‘ಬೈ’ ಪ್ರತಿ: ಬೈಂದೂರಿನಿಂದ ಬರುವ ಬಸ್ಸಿನಲ್ಲಿ, ತೊಡೆಯ ಮೇಲೆ ಪಟ್ಟಿ ಇಟ್ಟು ಬರೆದದ್ದು. ಇದರ ಲಿಕ್ವಿಡಸ್ ಗೆರೆ ಒಂದೆಡೆ ಥಟ್ಟನೆ ಮೇಲೆ ಹಾರಿ ಮತ್ತೆ ಕೆಳಗಿಳಿಯುತ್ತದೆ. ಈ ಏರಿಳಿತಕ್ಕೆ ಲೋಹಶಾಸ್ತ್ರದಲ್ಲಿ ಕಾರಣ ಹುಡುಕಿ ಈ ಲೇಖಕ ಸಾಕಷ್ಟು ಮೇಣದಬತ್ತಿ ಸುಟ್ಟದ್ದಿದೆ. ಕೊನೆಗೆ ಲಿಪಿಕಾರನೇ ಬಗೆಹರಿಸಿದ: “ಹಂಪ್ ಮಾರಾಯ್ರೇ.”

‘ಬ್ರ’ ಪ್ರತಿ: ಬ್ರಹ್ಮಾವರ ಕಡೆಯ ವಿದ್ಯಾರ್ಥಿನಿಯೊಬ್ಬಳ ಕೈಬರಹ. ಮೂರು ಬಣ್ಣದ ಪೆನ್ನು, ಸ್ಕೇಲಿನ ಗೆರೆ, ಅಂಚಿಗೆ ಪೆನ್ಸಿಲಿನ ಚೌಕಟ್ಟು. ಆ ತರಗತಿಯ ಉಳಿದ ಪಟ್ಟಿಗಳೆಲ್ಲವೂ ಇದರ ಸಂತತಿ ಎಂದು ಧೈರ್ಯವಾಗಿ ಹೇಳಬಹುದು. ತರಗತಿಯ ಹಿಂದಿನ ಬೆಂಚಿನ ಅಷ್ಟೂ ಪಾಂಡಿತ್ಯ ಈ ಒಂದು ಪಟ್ಟಿಯ ಋಣದಲ್ಲಿದೆ. ಪಟ್ಟಿ ಮಾತ್ರ ಪರೀಕ್ಷೆಯ ಹಿಂದಿನ ಸಂಜೆಯವರೆಗೂ ಒಡತಿಯ ಕೈಗೆ ಮರಳಿರಲಿಲ್ಲ.

ಪಾಠಾಂತರ

ಇನ್ನು ಮುಖ್ಯ ವಿಷಯ. ಆಸ್ಟನೈಟ್ ಒಡೆದು ಪರ್ಲೈಟ್ ಆಗುವ ಉಷ್ಣತೆ ‘ಕ’ದಲ್ಲಿ 723, ‘ಬ್ರ’ದಲ್ಲಿ 727. ಇಂಗಾಲದ ಪ್ರಮಾಣ ‘ಕ’ದಲ್ಲಿ ಶೇ. 0.8, ‘ಬೈ’ಯಲ್ಲಿ 0.83, ‘ಬ್ರ’ದಲ್ಲಿ 0.77, ಪುಸ್ತಕ ತೆರೆದರೆ 0.76. ಆಸ್ಟನೈಟ್ ಹೆಚ್ಚೆಂದರೆ ಎಷ್ಟು ಇಂಗಾಲ ಕರಗಿಸಿಕೊಳ್ಳುತ್ತದೆ ಎಂಬುದಕ್ಕೆ 1.7, 2.0, 2.11, 2.14 ಎಂದು ನಾಲ್ಕು ಪಾಠ. ಯುಟೆಕ್ಟಿಕ್ಕಿನ 4.3 ಒಂದರಲ್ಲಿ ಮಾತ್ರ ಎಲ್ಲ ಪ್ರತಿಗಳಿಗೂ ಒಮ್ಮತ. ಸಂಶೋಧಕನಿಗೆ ಇಂಥ ಒಮ್ಮತ ಕಂಡರೆ ಅನುಮಾನವೇ ಹೆಚ್ಚು.

ಹುಡುಗರು ತಪ್ಪು ಬರೆದರೆಂದು ತಿಳಿಯಬೇಡಿ. ಅಚ್ಚಾದ ಪಠ್ಯಪುಸ್ತಕಗಳಲ್ಲೇ ಈ ಭೇದವುಂಟು. ಅಳತೆ ಸೂಕ್ಷ್ಮವಾದಂತೆ ಸಂಖ್ಯೆ ಸರಿಯಿತು, ಹಳೆಯ ಪುಸ್ತಕ ಹಳೆಯದನ್ನೇ ಹಿಡಿದು ಕೂತಿತು. 0.8 ಇಟ್ಟು ಲೀವರ್ ರೂಲ್ ಹಚ್ಚಿದರೆ ಪರ್ಲೈಟಿನಲ್ಲಿ ಫೆರೈಟ್ ಶೇ. 88.3 ಬರುತ್ತದೆ, 0.77 ಇಟ್ಟರೆ 88.7. ಈ 0.4ರ ಸಲುವಾಗಿ ಹಾಸ್ಟೆಲಿನಲ್ಲಿ ಎರಡು ಪಂಗಡವಾಗಿ ರಾತ್ರಿ ಮಾತು ಬಿಟ್ಟದ್ದುಂಟು. ಕ್ಯಾಲ್ಕುಲೇಟರ್ ಮಾತ್ರ ಒಂದೇ ಇದ್ದುದರಿಂದ ಬೆಳಿಗ್ಗೆ ರಾಜಿಯಾಯಿತು.

ಲುಪ್ತಪಾಠದ ಪ್ರಶ್ನೆ ಇದಕ್ಕಿಂತ ಗಹನ. ಚಿತ್ರದಲ್ಲಿ ಆಲ್ಫಾ ಇದೆ, ಗಾಮಾ ಇದೆ, ಡೆಲ್ಟಾ ಇದೆ. ‘ಬೈ’ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದೆ: “ಬೀಟಾ ಎಲ್ಲಿತ್ತ್?” ಮೂರೂ ತಾಲೂಕಿನ ನೋಟ್ಸುಗಳಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ. ಬೀಟಾ ನಿಜಕ್ಕೂ ಇತ್ತು. ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಸೆಳೆಯಲ್ಪಡುವ ಗುಣ ಕಳೆದುಕೊಳ್ಳುತ್ತದೆ. ಅದು ಬೇರೆಯೇ ರೂಪವೆಂದು ಫ್ರಾನ್ಸಿನ ಆಸ್ಮಾಂಡ್ ಮುಂತಾದವರು ಸಾಧಿಸಿ, ಬೀಟಾ ಎಂದು ಹೆಸರಿಟ್ಟು, ದಶಕಗಟ್ಟಲೆ ಜಗಳಾಡಿದರು. 1920ರ ದಶಕದ ಆರಂಭದಲ್ಲಿ ಸ್ವೀಡನ್ನಿನ ವೆಸ್ಟ್‌ಗ್ರೆನ್ ಎಕ್ಸ್-ರೇ ಹಾಯಿಸಿ ನೋಡಿದರೆ ಪರಮಾಣುಗಳ ಜೋಡಣೆ ಆಲ್ಫಾದ್ದೇ. ಬೀಟಾವನ್ನು ಎಬ್ಬಿಸಿದರು, ಅದರ ಕುರ್ಚಿ ಇಂದಿಗೂ ಖಾಲಿ. ಪ್ರಶ್ನೆ ಕೇಳಿದವನಿಗೆ ತರಗತಿಯಲ್ಲಿ ಸಿಕ್ಕ ಉತ್ತರ, “ಸಿಲಬಸ್ಸಿನಲ್ಲಿ ಇಲ್ಲ.” ಗ್ರಂಥಸಂಪಾದಕನೂ ಇಷ್ಟು ಚುಟುಕಾಗಿ ಹೇಳಲಾರ.

ಪ್ರಕ್ಷೇಪ ಎಂದು ನಾನು ಕೈಬಿಟ್ಟದ್ದು ಒಂದೇ. ಕೊಲ್ಲೂರು ದಾರಿಯ ಹಳ್ಳಿಯ ಹುಡುಗನೊಬ್ಬ ಚಿತ್ರದ ಎಡಭಾಗದಲ್ಲಿ ‘ಮಾರ್ಟೆನ್ಸೈಟ್’ ಎಂದು ಬರೆದು ಸುತ್ತ ಗೆರೆ ಎಳೆದಿದ್ದಾನೆ. ಇದು ಶಾಸ್ತ್ರವಿರುದ್ಧ. ಈ ಚಿತ್ರ ಕಬ್ಬಿಣಕ್ಕೆ ಪುರಸೊತ್ತು ಕೊಟ್ಟು ನಿಧಾನ ತಣಿಸಿದಾಗ ಆಗುವುದನ್ನು ಮಾತ್ರ ಹೇಳುತ್ತದೆ. ಮಾರ್ಟೆನ್ಸೈಟ್ ಗಡಿಬಿಡಿಯ ಸಂತಾನ. ಇಂಗಾಲ ಹೊರಬರಲು ಸಮಯ ಸಿಗದೆ ಒಳಗೇ ಸಿಕ್ಕಿಬಿದ್ದು ಗಟ್ಟಿಯೂ ಪೆಡಸೂ ಆದ ರೂಪ. ವಿಚಾರಿಸಿದಾಗ ಹುಡುಗ ತನ್ನೂರಿನ ಕಮ್ಮಾರಸಾಲೆಗೆ ಕರೆದುಕೊಂಡು ಹೋದ. ಹಳೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ತಯಾರಾಗುತ್ತಿತ್ತು, ಅಂದರೆ ಶೇ. 0.5–0.6ರ ಸುಮಾರಿನ ಇಂಗಾಲದ ಉಕ್ಕು. ಹುಡುಗ ಅಧಿಕಾರವಾಣಿಯಲ್ಲಿ ಕೇಳಿದ, “ಆಚಾರ್ರೇ, ಎಷ್ಟ್ ಡಿಗ್ರಿ ಕಾಸ್ತ್ರಿ?”

“ಡಿಗ್ರಿ ನಿಂಗೆ ಮಾಣಿ. ನಂಗೆ ಕೆಂಪ್ ಬಂದ್ರೆ ಸೈ.”

ಕೆಂಪು ಬಂತು. ಅಲಗನ್ನು ಮಾತ್ರ ನೀರಿಗೆ ಅದ್ದಿದರು, ಬೆನ್ನಿನ ಬಿಸಿಯನ್ನು ಉಳಿಸಿಕೊಂಡರು. ಹೊರತೆಗೆದು ಅಲಗಿನ ಮೇಲೆ ಹಳದಿ ಹರಿದು ಬರುವುದನ್ನು ಕಣ್ಣು ಕಿರಿದು ಮಾಡಿ ನೋಡಿ, ಮತ್ತೊಮ್ಮೆ ನೀರಿಗೆ. ಟೆಂಪರಿಂಗ್ ಎಂಬ ಹತ್ತು ಅಂಕದ ಪ್ರಶ್ನೆ ಹೀಗೆ ಚುಂಯ್ ಎಂದು ಮುಗಿಯಿತು. ಆದಾಗ್ಯೂ ಪ್ರಕ್ಷೇಪ ಪ್ರಕ್ಷೇಪವೇ. ಕೈಬಿಡುವ ನನ್ನ ತೀರ್ಮಾನದಲ್ಲಿ ಬದಲಾವಣೆಯಿಲ್ಲ, ಕತ್ತಿಯೊಂದನ್ನು ಕೊಂಡು ತಂದೆ.

ಓಲೆಗರಿಗಳ ಹಿಂಬದಿಯಲ್ಲಿ ಮನೆವಾರ್ತೆಯ ಲೆಕ್ಕ ಸಿಗುವುದುಂಟು. ಮರವಂತೆಯಿಂದ ಬಂದ ತುಂಡುಪ್ರತಿಯ ಹಿಂದೆಯೂ ಇದೆ: ರೆಡ್ ಆಕ್ಸೈಡ್ ಒಂದು ಲೀಟರ್, ಬ್ರಷ್ ಒಂದು, ಉಪ್ಪುಕಾಗದ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕೆ. ನಡುವಿನ ಮನೆಯ ಗೇಟಿಗೆ ವರ್ಷವರ್ಷವೂ ಬಣ್ಣ. ಚಿತ್ರದಲ್ಲಿ ಉಪ್ಪಿಗೂ ಗಾಳಿಗೂ ಅಕ್ಷವಿಲ್ಲ. ರೆಡ್ ಆಕ್ಸೈಡ್ ಎಂಬುದೂ ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕು ತಡೆಯಲು ತುಕ್ಕಿನ ನೆಂಟನನ್ನೇ ಬಳಿಯುತ್ತಾರೆ ಎಂಬ ಸಂಗತಿ ಮರವಂತೆಯ ಹುಡುಗನಿಗೆ ಹೊಳೆದಿತ್ತೋ ಇಲ್ಲವೋ. ಕರೋಷನ್ ಮಾಡ್ಯೂಲನ್ನು ಅವನು ಚಾಯ್ಸಿನಲ್ಲಿ ಬಿಟ್ಟಿದ್ದ.

ಪರಿಷ್ಕೃತ ಪಾಠದಲ್ಲಿ 727 ಇಟ್ಟುಕೊಂಡು 723ನ್ನು ಅಡಿಟಿಪ್ಪಣಿಗೆ ಇಳಿಸಿದ್ದೇನೆ. ‘ಕ’ ಪ್ರತಿಯ ಕಪ್ಪು ಮಚ್ಚೆಯನ್ನು, ಪರಂಪರೆಯ ಮೇಲಿನ ಗೌರವದಿಂದ, ಹಾಗೆಯೇ ಉಳಿಸಿದ್ದೇನೆ. ಇನ್ನುಳಿದದ್ದು ‘ಕ’ ಪ್ರತಿಯ ಸಮಾಪ್ತಿವಾಕ್ಯ. ಹಳೆಯ ಲಿಪಿಕಾರರು ಕೊನೆಯಲ್ಲಿ ತಪ್ಪಿದ್ದರೆ ತಿದ್ದಿ ಓದಿ ಎಂದು ಬೇಡಿಕೊಳ್ಳುತ್ತಿದ್ದರು. ಇಲ್ಲಿ ಇರುವುದು ಇಷ್ಟೇ: “ಇದ್ ಈ ಸಲ ಬತ್ತಿಲ್ಲೆ ಅಂದ್ ಸೀನಿಯರ್ ಹೇಳಿರ್.” ಕೆಳಗೆ ಬೇರೆ ಶಾಯಿಯಲ್ಲಿ, ಅದೇ ಕೈಬರಹದಲ್ಲಿ: “ಬಂತ್. ಹತ್ ಮಾರ್ಕ್.”