ಆಪ್ಷನ್ ಎಂಟ್ರಿ ಪರ್ವ

ಸಿಇಟಿ ರ‍್ಯಾಂಕ್ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವಿದ್ಯಾರ್ಥಿಯಿಂದ ಎಂಜಿನಿಯರಿಂಗ್ ಕಾಲೇಜುಗಳ ಆಪ್ಷನ್ ಎಂಟ್ರಿ, ಅಂದರೆ ಆದ್ಯತೆಯ ಪಟ್ಟಿ, ಕೇಳುತ್ತದೆ. ತುಂಬಿಸುವವರು ಸಾಮಾನ್ಯವಾಗಿ ಸೋದರಮಾವ. ಪ್ರತಿ ಕಾಲೇಜಿನ ಜಾತಕವೂ ಅವರಿಗೆ ಗೊತ್ತು. ಯಾವುದರ ಗೇಟನ್ನೂ ದಾಟಿರುವುದಿಲ್ಲ.

"ಕೆ.ಆರ್. ಸರ್ಕಲ್ಲಿನ ಯುವಿಸಿಇ ಹಾಕ್ಲಾ ಮಾವ?"

"ಸರ್ಕಾರಿ ಕಾಲೇಜಾ? ಗೋಡೆ ನೋಡಿದ್ದೀಯಾ?"

"1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ್ದು."

"ಬಣ್ಣವೂ ಅವರೇ ಹೊಡೆಸಿದ್ದು. ರಿಂಗ್ ರೋಡಿನದು ನೋಡು, ಪೂರ್ತಿ ಗಾಜು! ಫುಡ್ ಕೋರ್ಟೂ ಇದೆ."

"ಲ್ಯಾಬು?"

"ಬ್ರೋಷರಿನಲ್ಲಿದೆ."

"ನಮ್ಮ ಜಿಲ್ಲೆಯದೇ ಹಾಕಿದರೆ?"

"ಬರೀ ಹಳ್ಳಿ ಹುಡುಗರು. ಇಂಗ್ಲಿಷ್ ಬರಲ್ಲ."

"ನಾನೂ ಹಳ್ಳಿಯವಳೇ ಅಲ್ವಾ?"

"ಅದಕ್ಕೇ ಹೇಳ್ತಿರೋದು!"

ಮಾವನ ಜ್ಞಾನಕ್ಕೆ ಹೊರತಾದ ಕೆಲವು ಸಂಗತಿಗಳಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಗೋಡೆ ಗಾಜಿನದಿರಲಿ, ಕಲ್ಲಿನದಿರಲಿ, ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಸಿಗುವುದು ಕಾಲೇಜಿಗಲ್ಲ, ಕೋರ್ಸಿಗೆ. ಒಂದೇ ಕಾಂಪೌಂಡಿನಲ್ಲಿ ಮೆಕ್ಯಾನಿಕಲ್‌ಗೆ ಇದ್ದು ಪಕ್ಕದ ವಿಭಾಗಕ್ಕೆ ಇಲ್ಲದಿರಬಹುದು. ಜಾಹೀರಾತಿನ 'ಅತ್ಯಧಿಕ ಪ್ಯಾಕೇಜ್' ಒಬ್ಬನದು. ಉಳಿದವರ ಪಾಡು ತಿಳಿಯಬೇಕಾದರೆ ರಾಷ್ಟ್ರೀಯ ರ‍್ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ಗೆ ಕಾಲೇಜು ಸಲ್ಲಿಸಿದ ದಾಖಲೆಯಲ್ಲಿ ಮಧ್ಯಾಂಕ ಸಂಬಳ ಹುಡುಕಬೇಕು. ಹಾಸ್ಟೆಲಿನ ಸಾಂಬಾರಿನ ಬಗ್ಗೆ ಮಾತ್ರ ಯಾವ ದಾಖಲೆಯೂ ಇಲ್ಲ. ಅಲ್ಲೇ ಉಣ್ಣುವ ಮೂರನೇ ವರ್ಷದವರನ್ನು ಕೇಳುವುದೇ ಸರಿ.

ಗಡುವು ಮುಗಿಯುವವರೆಗೂ ಆದ್ಯತೆಯ ಕ್ರಮವನ್ನು ಬದಲಿಸಬಹುದು. ಪಾಸ್‌ವರ್ಡ್ ಮಾತ್ರ ಮಾವನ ಬಳಿ ಇರಕೂಡದು.